ಮಗಳಿಲ್ಲದ ಮನೆಯ ಅಳಿಯ

ಹಾಲಸ್ವಾಮಿಯ ಪಂಪು ಕೆಡುವುದಕ್ಕೆ ಯಾವತ್ತೂ ಪಂಚಾಂಗ ನೋಡಿದ್ದಿಲ್ಲ. ಆದರೂ ಎಂಬತ್ತಮೂರನೇ ಇಸವಿಯ ಆಯುಧಪೂಜೆಯ ದಿನ, ಬೆಳಿಗ್ಗೆ ಸರಿಯಾಗಿ ಆರು ಗಂಟೆಗೆ, ಮೊದಲನೇ ಬಸ್ಸಿಗೆ ಪೈಪು ಹಿಡಿದ ಗಳಿಗೆಯಲ್ಲೇ ಅದು 'ಪುಸ್' ಎಂದದ್ದನ್ನು ನೋಡಿದರೆ ಯಾರೋ ಜೋಯಿಸರ ಹತ್ತಿರ ಮುಹೂರ್ತ ಇಡಿಸಿಕೊಂಡೇ ಬಂದಂತಿತ್ತು. ಬಸ್ಸಿನ ಮೈಮೇಲಿನ ಕೆಸರನ್ನು ಕಿತ್ತೊಗೆಯಬೇಕಾಗಿದ್ದ ನೀರು ಪೈಪಿನ ತುದಿಯಿಂದ ತೊಟ್ಟಿಕ್ಕಿ ಅವನ ಪಾದವನ್ನೇ ತೊಳೆಯಿತು.

ಕೆಟ್ಟದ್ದು ಏನು ಮಹಾ? ಒಳಗಿನ ಒಂದು ಚರ್ಮದ ವಾಷರು. ಪುಟ್ಟ ಹಪ್ಪಳದಷ್ಟು ಅಗಲ, ಮೂರು ರೂಪಾಯಿ ಬೆಲೆ.

ಹೊನ್ನಾಳಿಯಲ್ಲಿ ತುಂಗಭದ್ರೆ ಪುಕ್ಕಟೆ ಹರಿಯುತ್ತಾಳೆ. ಊರಿನ ಲಾರಿ, ಬಸ್ಸು, ಎತ್ತು, ಎಮ್ಮೆ ಎಲ್ಲವೂ ಅಲ್ಲೇ ಮೈ ತೊಳೆದುಕೊಳ್ಳುವ ಪದ್ಧತಿ. ಅಂಥ ಊರಿನಲ್ಲಿ ದುಡ್ಡು ತೆಗೆದುಕೊಂಡು ಗಾಡಿ ತೊಳೆಯುವ ವಾಟರ್ ಸರ್ವಿಸ್ ಇಡಬೇಕೆಂಬ ಬುದ್ಧಿ ಹಾಲಸ್ವಾಮಿಗಲ್ಲದೆ ಬೇರೆ ಯಾರಿಗೂ ಹೊಳೆದಿರಲಿಲ್ಲ. ಹೊಳೆದಿದ್ದರೂ ಅವರು ಯಾರಿಗೂ ಹೇಳದೆ ಸುಮ್ಮನಿದ್ದರು. ಎರಡು ವರ್ಷದ ಹಿಂದೆ ದಾವಣಗೆರೆಯಿಂದ ಸೆಕೆಂಡ್ ಹ್ಯಾಂಡ್ ಪ್ರೆಷರ್ ಪಂಪು ತಂದ. ತಂದ ತಿಂಗಳು ಬೆಲ್ಟು ಕೇಳಿತು. ಮರುತಿಂಗಳು ಮೋಟಾರಿನ ಕಾಯಿಲು ಸುಟ್ಟಿತು. ಆಮೇಲೆ ಗ್ರೀಸು, ಆಮೇಲೆ ಆಯಿಲು, ಯುಗಾದಿಗೆ ನಾಜಲ್ಲು, ದೀಪಾವಳಿಗೆ ಬೇರಿಂಗು. ಹಬ್ಬಕ್ಕೊಂದು ಉಡುಗೊರೆ ಕೊಡದಿದ್ದರೆ ಮುನಿಸಿಕೊಳ್ಳುವ ಅದಕ್ಕೆ ಹಾಲಸ್ವಾಮಿಯ ಹೆಂಡತಿ ಸಿದ್ದಲಿಂಗಮ್ಮ 'ಅಳಿಯ' ಎಂದು ಹೆಸರಿಟ್ಟಿದ್ದಳು. ಮಗಳಿಲ್ಲದ ಮನೆಗೆ ಬಂದು ಕೂತ ಅಳಿಯನಿಗೆ ಎಷ್ಟು ಉಪಚಾರ ಮಾಡಿದರೂ ಕಡಿಮೆಯೇ.

ಆದರೆ ಈ ಸಲ ದೇವರು ಕಣ್ಣು ಬಿಟ್ಟಿದ್ದ. ಊರಿನ ಬಸ್ ಮಾಲೀಕ ಮಹೇಶ್ವರಪ್ಪ ತಾನಾಗಿ ಬಂದು ಹೇಳಿದ್ದರು: "ನೋಡಪ್ಪ ಹಾಲಸ್ವಾಮಿ, ಪೂಜೆಗೆ ಬ್ರೇಕ್ ಇನ್‌ಸ್ಪೆಕ್ಟ್ರು ಬರ್ತಾರೆ. ಫೋಟೋನೂ ತೆಗೆಸ್ತೀನಿ. ಮಧ್ಯಾಹ್ನ ಒಂದು ಗಂಟೆಯೊಳಗೆ ಆರೂ ಬಸ್ಸು ಕನ್ನಡಿಯಂಗೆ ಆಗ್ಬೇಕು. ಆದ್ರೆ ವರ್ಷಪೂರ್ತಿ ನನ್ನ ಬಸ್ಸೆಲ್ಲ ನಿನ್ನ ಹತ್ರಾನೇ ತೊಳೆಸ್ತೀನಿ. ಆಗ್ಲಿಲ್ಲ ಅಂದ್ರೆ ಹೊಳೆ ಎಲ್ಲಿಗೂ ಓಡಿಹೋಗಿಲ್ಲ."

ತೊಳೆದ ಬಸ್ಸು ಮತ್ತೆ ಧೂಳು ತಿನ್ನದಿರಲೆಂದು ಪೂಜೆಯ ಪೆಂಡಾಲನ್ನೂ ವಾಟರ್ ಸರ್ವಿಸಿನ ಪಕ್ಕದ ಬಯಲಲ್ಲೇ ಹಾಕಿಸಿದ್ದರು. ಒಂದು ನ್ಯಾಮತಿ ಕಡೆಗೆ, ಒಂದು ಚನ್ನಗಿರಿ ಕಡೆಗೆ ಎಂದು ದಿಕ್ಕಾಪಾಲಾಗಿ ಓಡುವ ಆ ಆರು ಬಸ್ಸುಗಳು ಒಂದೇ ಕಡೆ ನಿಲ್ಲುವುದು ವರ್ಷಕ್ಕೆ ಇದೊಂದೇ ದಿನ.

ಸಿದ್ದಲಿಂಗಮ್ಮ ಕೂಡ ಗಡುವು ಕೊಟ್ಟಿದ್ದಳು. ಈ ಕೆಲಸ ಕೈಗೆ ಹತ್ತದಿದ್ದರೆ ಪಂಪನ್ನು ಗುಜರಿಗೆ ಹಾಕಿ, ವಿಜಯದಶಮಿಯಿಂದ ನ್ಯಾಮತಿಯಲ್ಲಿ ಅವಳ ಅಣ್ಣನ ಬೆಲ್ಲದ ಅಂಗಡಿಯಲ್ಲಿ ತಕ್ಕಡಿ ಹಿಡಿಯುವುದು. ಭಾವಮೈದುನನ ಕೈಕೆಳಗೆ ಬೆಲ್ಲ ತೂಗುವುದೆಂದರೆ ಹಾಲಸ್ವಾಮಿಗೆ ಬೇವು ತಿಂದಂತೆ.

ಪಂಪು ಬಿಚ್ಚೋಣವೆಂದು ಅವನು ಒಳಗೆ ಓಡಿದರೆ, ಪಾನಾ, ಸುತ್ತಿಗೆ, ಇಕ್ಕಳ ಎಲ್ಲ ಮಣೆಯ ಮೇಲೆ ಸಾಲಾಗಿ ಮಲಗಿದ್ದವು. ಮೈತುಂಬ ವಿಭೂತಿ, ಕುಂಕುಮ, ಚೆಂಡುಹೂವು. ಪಕ್ಕದಲ್ಲಿ ಈಳಿಗೆಮಣೆ, ಕತ್ತರಿ, ಅಡಕತ್ತರಿ. ಪೂಜೆಯಾದ ಆಯುಧವನ್ನು ಮರುದಿನದವರೆಗೆ ಮುಟ್ಟುವಂತಿಲ್ಲ.

"ಇಷ್ಟು ಬೇಗ ಯಾರೇ ಪೂಜೆ ಮಾಡು ಅಂದಿದ್ದು?"

"ಮಧ್ಯಾಹ್ನ ರಾಹುಕಾಲ ರೀ. ಅಳಿಯನಿಗೂ ಈಗ್ಲೇ ಎರಡು ಹೂವು ಇಟ್ಟುಬಿಡ್ತೀನಿ, ಸ್ವಲ್ಪ ಪಕ್ಕಕ್ಕೆ ಸರೀರಿ."

ಹಾಲಸ್ವಾಮಿ ಬಾಗಿಲಿಗೆ ಅಡ್ಡ ನಿಂತ. ಪಂಪಿಗೆ ಒಂದು ಚಿಟಿಕೆ ಕುಂಕುಮ ಬಿದ್ದರೂ ಇವತ್ತಿಗೆ ಅದರ ಕತೆ ಮುಗಿಯಿತು. "ಕೆಲಸ ಮಾಡದೇ ಇರೋದಕ್ಕೆ ಎಂಥ ಪೂಜೆ?"

"ಭೀಮನಮಾಸೆಗೆ ನಿಮ್ಮ ಪಾದಪೂಜೆ ಮಾಡಲ್ಲೇನು?" ಎಂದಳು ಸಿದ್ದಲಿಂಗಮ್ಮ.

ಕಾಯಿ, ಬೂದುಗುಂಬಳ, ಮಂಡಕ್ಕಿ ತರಲು ಅವಳು ಎಣಿಸಿಕೊಟ್ಟ ಮೂವತ್ತೈದು ರೂಪಾಯಿಯನ್ನು ಜೇಬಿಗಿಳಿಸಿ, ಮಧ್ಯಾಹ್ನದವರೆಗೆ ಪಂಪಿನ ಹತ್ತಿರ ಸುಳಿಯುವುದಿಲ್ಲವೆಂದು ಅವಳಿಂದ ಆಣೆ ಮಾಡಿಸಿಕೊಂಡು, ಅವನು ಲೇಥ್ ಅಂಗಡಿಗೆ ಓಡಿದ.

ಲೇಥ್ ಅಂಗಡಿಯ ಷಣ್ಮುಖಪ್ಪ ಮಡಿಯುಟ್ಟು, ಕೈಯಲ್ಲಿ ಗಂಟೆ ಹಿಡಿದು ನಿಂತಿದ್ದ. ಕಬ್ಬಿಣದ ಚೂರುಗಳ ನಡುವೆ ಊದುಬತ್ತಿ ಹೊಗೆಯಾಡುತ್ತಿತ್ತು.

"ವಾಷರ್ ನನ್ನ ಹತ್ರ ಇಲ್ಲ ಮಾರಾಯ. ದಾವಣಗೆರೆಯಿಂದ ಬರ್ಬೇಕು. ಇವತ್ತು ಅಲ್ಲೂ ಅಂಗಡಿ ಬಂದ್."

"ಹೋಗ್ಲಿ, ಒಂದು ಪಾನಾನಾದ್ರೂ ಕೊಡು."

"ಪೂಜೆ ಆಗೈತಲ್ಲೋ! ಐದು ನಿಮಿಷ ಮೊದ್ಲು ಬರಾಕೆ ಏನಾಗಿತ್ತು?" ಷಣ್ಮುಖಪ್ಪ ಗಂಟೆ ಕೆಳಗಿಟ್ಟು, ಗುಜರಿ ರಾಶಿಯನ್ನು ಕೆದಕಿ, ಬಾಯಿ ಮುರಿದ ಒಂದು ಪಾನಾ ಹೆಕ್ಕಿಕೊಟ್ಟ. "ಇದು ಯಾವ ಕೆಲಸಕ್ಕೂ ಬರಲ್ಲ ಅಂತ ಪೂಜೆಗೆ ಇಟ್ಟಿಲ್ಲ. ಒಯ್ಯಿ."

ಯಾವ ಕೆಲಸಕ್ಕೂ ಬಾರದ ಪಾನಾದಿಂದ, ಬೆರಳಿನ ಗೆಣ್ಣು ಮೂರು ಕಡೆ ತರಚಿಕೊಂಡು, ಹಾಲಸ್ವಾಮಿ ಪಂಪು ಬಿಚ್ಚುವಷ್ಟರಲ್ಲಿ ಒಂಬತ್ತು ಗಂಟೆ. ಅವನು ಎಣಿಸಿದಂತೆ ವಾಷರೇ ಹರಿದು ಹೋಗಿತ್ತು. ಬೇಲಿಯಾಚೆಯ ಸೈಕಲ್ ಶಾಪಿನ ಯರ್ರಿಸ್ವಾಮಿ ಕರೆಯದೆಯೇ ಬಂದು ಕುಕ್ಕರಗಾಲಿನಲ್ಲಿ ಕೂತ. ಊರಿನಲ್ಲಿ ಯಾರ ಮನೆಯ ಏನು ಕೆಟ್ಟರೂ ಸಲಹೆ ಕೊಡುವುದು ಅವನ ಹುಟ್ಟುಗುಣ. ಅವನು ರಿಪೇರಿ ಮಾಡಿದ ಸೈಕಲ್ಲುಗಳನ್ನು ತಳ್ಳಿಕೊಂಡು ಹೋಗುವವರೆಲ್ಲ ಈ ಮಾತನ್ನು ಒಪ್ಪುತ್ತಾರೆ.

"ಅಷ್ಟಕ್ಕೆ ಯಾಕೆ ಚಿಂತಿ? ಸೈಕಲ್ ಟ್ಯೂಬು ಹರಿದು ಹಾಕು. ರಬ್ಬರಿನ ಮುಂದೆ ಚರ್ಮ ಯಾವ ಲೆಕ್ಕ?"

"ತಡೀತದೇನೋ?"

"ತಡೀದೇ ಏನು ಮಾಡ್ತದೆ? ನಾನಿಲ್ಲೇ ನಿಂತಿರ್ತೀನಿ, ಚಾಲೂ ಮಾಡು."

ಚಾಲೂ ಮಾಡಿದ. ಅಳಿಯ ಒಂದು ಗಳಿಗೆ ಗಂಟಲು ಸರಿಮಾಡಿಕೊಂಡ. ಆಮೇಲೆ ಢಮಾರೆಂದು ರಬ್ಬರು ಸಿಡಿದು, ನೀರಿನ ಬುಗ್ಗೆ ನೇರವಾಗಿ ಯರ್ರಿಸ್ವಾಮಿಯ ಮುಖಕ್ಕೆ ಬಡಿಯಿತು. ಹಬ್ಬಕ್ಕೆಂದು ಹಣೆ ತುಂಬ ಬಳಿದುಕೊಂಡಿದ್ದ ವಿಭೂತಿ, ಅದರ ಕೆಳಗಿನ ಎರಡು ದಿನದ ಕೊಳೆ, ಎರಡೂ ಒಟ್ಟಿಗೆ ಹೋದವು. ಹಾಲಸ್ವಾಮಿಯ ಪಾದ ಬಿಟ್ಟರೆ ಆ ಪಂಪು ಅವತ್ತು ಮೊದಲು ತೊಳೆದದ್ದು ಅವನನ್ನೇ.

ಹತ್ತೂವರೆಗೆ ಹಾಲಸ್ವಾಮಿ ಪೇಟೆಯ ಚಪ್ಪಲಿ ಅಂಗಡಿ ದೊಡ್ಡಣ್ಣನ ಮುಂದೆ ನಿಂತಿದ್ದ. ಅಂಗಡಿಯ ತುಂಬ ಚರ್ಮ ನೇತಾಡುತ್ತಿತ್ತು. ಉಳಿ, ಕತ್ತಿ, ಅಡಿಗಲ್ಲು ಮಾತ್ರ ಹೂವಿನ ಕೆಳಗೆ ಹಾಯಾಗಿ ಮಲಗಿದ್ದವು.

"ಕಾಲಿಗೆ ಬೀಳ್ತೀನಿ ದೊಡ್ಡಣ್ಣ, ಇಷ್ಟೇ ಇಷ್ಟು ಅಗಲದ ಚರ್ಮ ಕತ್ತರಿಸಿ ಕೊಡು."

"ಕಾಲಿಗೆ ಬೀಳೋದಾದ್ರೆ ಉಳಿ ಕಾಲಿಗೆ ಬೀಳು, ಅದು ಎದ್ರೆ ಕತ್ತರಿಸ್ತೀನಿ. ವರ್ಷವೆಲ್ಲ ದುಡಿದೈತೆ, ಒಂದಿನ ಮಲಗ್ಲಿ ಬಿಡು." ದೊಡ್ಡಣ್ಣ ಎಲೆಗೆ ಸುಣ್ಣ ಸವರಿದ. "ಮಾರಾಟಕ್ಕೆ ಮಾತ್ರ ಅಡ್ಡಿ ಇಲ್ಲ. ಹೊಸ ಚಪ್ಪಲಿ ಬೇಕಾದ್ರೆ ತಗೊ. ಅಡಿಯ ಅಟ್ಟೆ ದಪ್ಪ ಐತೆ. ಒಂದು ಜೊತೆಗೆ ಮೂವತ್ತು ರೂಪಾಯಿ."

"ನನಗೆ ಒಂದು ಸಾಕು."

"ಒಂಟಿ ಚಪ್ಪಲಿ ಮಾರಿದ್ರೆ ನಾಳೆ ಊರೋರು ನನ್ನ ಏನಂದಾರು? ಜೊತೆ ತಗೊ."

ಮೂರು ರೂಪಾಯಿಯ ವಾಷರು ಹೀಗೆ ಮೂವತ್ತು ರೂಪಾಯಿಯಾಯಿತು. ಸಿದ್ದಲಿಂಗಮ್ಮನ ಬೂದುಗುಂಬಳವೂ ಕಾಯಿಯೂ ಬಲಗಾಲಿನ ಚಪ್ಪಲಿಯಾಗಿ, ಮಂಡಕ್ಕಿ ಎಡಗಾಲಿನದಾಗಿ ಅವನ ಕಂಕುಳಲ್ಲಿ ಕೂತವು. ಅವನ್ನು ಕತ್ತರಿಸಲು ಕತ್ತರಿಯಿಲ್ಲ, ಚಾಕುವಿಲ್ಲ. ಬಚ್ಚಲಿನ ಗೋಡೆಯ ಸಂದಿಯಲ್ಲಿ ಗಡ್ಡ ಹೆರೆಯುವ ಹಳೇ ಬ್ಲೇಡೊಂದು ತುಕ್ಕು ಹಿಡಿದು ಕೂತಿತ್ತು. ಸಿದ್ದಲಿಂಗಮ್ಮನ ಕುಂಕುಮದಿಂದ ತಪ್ಪಿಸಿಕೊಂಡ ಏಕೈಕ ಆಯುಧ ಅದು. ಅದರಿಂದಲೇ, ಎಡಗಾಲಿನದನ್ನು ಅಡ್ಡಾದಿಡ್ಡಿ ಕೊಯ್ದು ಕೆಡಿಸಿದ ಮೇಲೆ, ಬಲಗಾಲಿನದರ ಅಟ್ಟೆಯನ್ನು ಕೊಯ್ದು, ಕೊಬ್ಬರಿ ಎಣ್ಣೆಯಲ್ಲಿ ಅದ್ದಿ, ಪಂಪಿನೊಳಗೆ ಕೂರಿಸಿ, ಕಣ್ಣು ಮುಚ್ಚಿ ಸ್ವಿಚ್ಚು ಒತ್ತಿದ.

ಪಂಪು ಗುಡುಗಿತು.

ಎರಡು ವರ್ಷದಲ್ಲಿ ಒಮ್ಮೆಯೂ ಬಾರದ ಪ್ರೆಷರು ಬಂದಿತ್ತು. ನೀರು ಬಿಳಿ ಸಲಾಕೆಯ ಹಾಗೆ ಚಿಮ್ಮಿತು. ದೊಡ್ಡಣ್ಣನ ಅಟ್ಟೆಯೆಂದರೆ ಸುಮ್ಮನೆಯೇ? ಚಕ್ರದ ಸಂದಿಯಲ್ಲಿ ಮಳೆಗಾಲದಿಂದ ಮನೆ ಮಾಡಿಕೊಂಡಿದ್ದ ಕೆಸರು ಹೆಂಟೆಹೆಂಟೆಯಾಗಿ ಉದುರಿತು. ಒಂದು ಬಸ್ಸಾಯಿತು, ಎರಡಾಯಿತು, ಹನ್ನೆರಡು ಗಂಟೆಗೆ ನಾಲ್ಕಾಯಿತು. ಹಾಲಸ್ವಾಮಿಗೆ ಮೈಮೇಲೆ ದೇವರು ಬಂದಂತಾಗಿತ್ತು. ನಾಜಲ್ಲು ಹಿಡಿದ ಕೈಯಲ್ಲಿ ವರ್ಷದ ಕಾಂಟ್ರಾಕ್ಟು ಕಾಣುತ್ತಿತ್ತು, ದೂರದಲ್ಲಿ ಭಾವಮೈದುನನ ತಕ್ಕಡಿ ಕರಗುತ್ತಿತ್ತು. ಅವನಿಗೆ ಅಳುವಷ್ಟು ಸಂತೋಷವಾಗಿತ್ತು.

ಆರನೇ ಬಸ್ಸನ್ನು ತಂದು ನಿಲ್ಲಿಸಿದ ಡ್ರೈವರ್ ತಿಪ್ಪೇಶಪ್ಪ ಇಳಿಯುತ್ತ ಹೇಳಿದ: "ಮುಂದ್ಗಡೆ ಜೋರಾಗಿ ಹೊಡೀಬ್ಯಾಡ ಅಣ್ಣ. ಬಟ್ಟೇಲಿ ಒರೆಸು ಸಾಕು. ನಿನ್ನೆ ಸಂಜೆ ಬಣ್ಣ ಹಚ್ಚಿಸೀವಿ, ಇನ್ನೂ ಹಸಿ ಐತೆ." ಹೇಳಿ ಚಹಾ ಕುಡಿಯಲು ಹೋದ.

ಆದರೆ ಕೈಗೆ ಬಂದ ಪ್ರೆಷರನ್ನು ಬಿಟ್ಟು ಬಟ್ಟೆ ಹಿಡಿಯುವುದುಂಟೆ? ಹಾಲಸ್ವಾಮಿ ಬಸ್ಸಿನ ಮುಂಭಾಗಕ್ಕೂ ಹಿಂಭಾಗಕ್ಕೂ ಸಮಾನ ಭಕ್ತಿಯಿಂದ ನೀರು ಹೊಡೆದ. ನಂಬರಿನ ಹಲಗೆಯಿಂದ ಹಸಿ ಬಣ್ಣ ಒಂದಿಷ್ಟು ಇಳಿದುಹೋಯಿತು. ತಕ್ಷಣ ನೀರು ನಿಲ್ಲಿಸಿದ. ಬಗ್ಗಿ ನೋಡಿದರೆ ಅಡಿಯಲ್ಲಿ ಹಳೇ ನಂಬರು ಅಚ್ಚುಕಟ್ಟಾಗಿ ಉಳಿದಿತ್ತು. ಹಳೇ ಪೇಂಟರುಗಳ ಕೈಗುಣವೇ ಬೇರೆ ಎಂದುಕೊಂಡು ಬಟ್ಟೆಯಿಂದ ಅದನ್ನು ಇನ್ನಷ್ಟು ತಿಕ್ಕಿ ಹೊಳೆಯಿಸಿದ.

ಮಹೇಶ್ವರಪ್ಪ ಬಂದಾಗ ಆರು ಬಸ್ಸುಗಳು ಪೆಂಡಾಲಿನ ಮುಂದೆ ಸಾಲಾಗಿ ಬಿಸಿಲಿಗೆ ಮಿಂಚುತ್ತಿದ್ದವು. ಅವರು ದೂರದಿಂದಲೇ ನೋಡಿ, ಹಾಲಸ್ವಾಮಿಯ ಬೆನ್ನು ತಟ್ಟಿ, ಎಲೆಅಡಿಕೆ ಕೈಗಿಟ್ಟರು. "ಮಾತು ಅಂದ್ರೆ ಮಾತು. ವರ್ಷಪೂರ್ತಿ ಆರೂ ಬಸ್ಸು ನಿಂದೇ!"

ಬೂದುಗುಂಬಳ ಎಲ್ಲಿ ಎಂದು ಕೇಳಲು ಬಂದಿದ್ದ ಸಿದ್ದಲಿಂಗಮ್ಮ ಈ ಮಾತು ಕೇಳಿ ಬಂದ ಕೆಲಸವನ್ನೇ ಮರೆತು ಗಂಡನ ಪಕ್ಕ ನಿಂತಳು. ಮದುವೆಯಾದ ಮೇಲೆ ಅವಳು ಅಷ್ಟು ಹೆಮ್ಮೆಯಿಂದ ನಿಂತದ್ದು ಅದೇ ಮೊದಲು.

ಬ್ರೇಕ್ ಇನ್‌ಸ್ಪೆಕ್ಟರ ಜೀಪು ಬಂತು. ಸಾಹೇಬರಿಗೆ ಹಾರ ಬಿತ್ತು. ಫೋಟೋದವನು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ. ಪ್ರತಿ ಬಸ್ಸಿನ ನಂಬರಿನ ಮೇಲೂ ಸಾಹೇಬರ ಕೈಯಿಂದಲೇ ಕುಂಕುಮ ಹಚ್ಚಿಸಬೇಕೆಂಬುದು ಮಹೇಶ್ವರಪ್ಪನವರ ಆಸೆ. ಸಾಹೇಬರು ಒಂದನೆಯದಕ್ಕೆ ಹಚ್ಚಿದರು, ಎರಡನೆಯದಕ್ಕೆ, ಮೂರು, ನಾಲ್ಕು, ಐದು. ಆರನೆಯದರ ಮುಂದೆ ಕೈ ಎತ್ತಿದವರು ಹಾಗೇ ನಿಂತರು. ಹಿಂದಕ್ಕೆ ನಡೆದು ನಾಲ್ಕನೇ ಬಸ್ಸು ನೋಡಿದರು. ಮತ್ತೆ ಆರನೆಯದರ ಹತ್ತಿರ ಬಂದರು.

"ಮಹೇಶ್ವರಪ್ನೋರೆ, ಈ ನಂಬರಿಗೆ ನಾನು ಆಗಲೇ ಕುಂಕುಮ ಹಚ್ಚಿದ್ನಲ್ಲ?"

ಐವತ್ತೇಳು ನಲವತ್ತೆರಡು. ಅಲ್ಲೂ ಅದೇ, ಇಲ್ಲೂ ಅದೇ. ಎರಡು ಬಸ್ಸಿಗೂ ಸೇರಿ ಒಂದೇ ಪರ್ಮಿಟ್ಟು, ಒಂದೇ ಟ್ಯಾಕ್ಸು. ಒಂದು ನ್ಯಾಮತಿ ಕಡೆ ಓಡಿದರೆ ಇನ್ನೊಂದು ಚನ್ನಗಿರಿ ಕಡೆ. ವರ್ಷಕ್ಕೊಮ್ಮೆ ಎರಡೂ ಒಟ್ಟಿಗೆ ನಿಲ್ಲುವ ದಿನದ ಮಟ್ಟಿಗೆ ಒಂದಕ್ಕೆ ಬೇರೆ ನಂಬರು ಬರೆಸುತ್ತಿದ್ದರು. ಹೊಳೆಯ ನೀರಿಗೆ ಅದನ್ನು ಅಳಿಸುವ ಶಕ್ತಿ ಯಾವತ್ತೂ ಇರಲಿಲ್ಲ.

"ಅವಳಿಜವಳಿ, ಸಾಹೇಬ್ರೆ…" ಎಂದರು ಮಹೇಶ್ವರಪ್ಪ.

"ಹಂಗಾದ್ರೆ ಉಳಿದ ಮಕ್ಕಳ ಜಾತಕನೂ ನೋಡೋಣ. ಆರೂ ಬಸ್ಸು ಸ್ಟೇಷನ್ನಿಗೆ ನಡೀಲಿ."

"ಪೂಜೆಯಾದ ಗಾಡಿ ಇವತ್ತು ಓಡಿಸಬಾರದು ಸಾಹೇಬ್ರೆ!"

"ಮಂಗಳಾರತಿ ಇನ್ನೂ ಆಗಿಲ್ಲವಲ್ಲ, ಅಡ್ಡಿ ಇಲ್ಲ."

ವರ್ಷದ ಕಾಂಟ್ರಾಕ್ಟು ಒಂದರ ಹಿಂದೊಂದು ಆರು ಸಾಲಾಗಿ ಪೊಲೀಸ್ ಸ್ಟೇಷನ್ನಿನ ಕಡೆ ಹೊರಟಿತು. ಹಾಲಸ್ವಾಮಿ ಕೈಯಲ್ಲಿ ಎಲೆಅಡಿಕೆ ಹಿಡಿದು ನೋಡುತ್ತ ನಿಂತ. ಇನ್‌ಸ್ಪೆಕ್ಟರು ಅವನ ಕಡೆ ತಿರುಗಿ ಮೆಚ್ಚಿ ನಕ್ಕರು.

"ಏನು ಪ್ರೆಷರ್ ಕಣಯ್ಯಾ ನಿಂದು! ಸತ್ಯ ತೊಳೆದು ತೋರಿಸ್ತು. ನಾಳೆಯಿಂದ ದಿನಾ ಬೆಳಿಗ್ಗೆ ನನ್ನ ಜೀಪು ಇಲ್ಲಿಗೇ ಕಳಿಸ್ತೀನಿ."

"ರೇಟು, ಸಾಹೇಬ್ರೆ…"

"ರೇಟಾ? ಸರ್ಕಾರಿ ಜೀಪಪ್ಪ ಅದು."

ದಿನಾ ಪುಕ್ಕಟೆ ಜೀಪು ತೊಳೆಯಬೇಕಾದವನಿಗೆ ಬೆಲ್ಲ ತೂಗಲು ನ್ಯಾಮತಿಗೆ ಹೋಗುವ ದಾರಿಯೂ ಹೀಗೆ ಮುಚ್ಚಿತು. ಅಷ್ಟು ಸಾಲದೆಂಬಂತೆ, ಸಾಹೇಬರ ಚಕ್ರದ ಕೆಸರು ತೊಳೆಯಲೆಂದು ಸ್ವಿಚ್ಚು ಒತ್ತಿದರೆ ಅಳಿಯ 'ಪುಸ್' ಎಂದ. ದೊಡ್ಡಣ್ಣನ ಅಟ್ಟೆಯೂ ಕೈಕೊಟ್ಟಿತ್ತು. "ನಾಳೆಯೊಳಗೆ ಸರಿ ಮಾಡಿಸಿಟ್ಟಿರು" ಎಂದು ಸಾಹೇಬರು ಜೀಪು ಹತ್ತಿದರು.

ಅವರು ಕಣ್ಮರೆಯಾಗುವುದನ್ನೇ ಕಾಯುತ್ತಿದ್ದ ಮಹೇಶ್ವರಪ್ಪ, "ಮನೆಹಾಳ ನನ್ಮಗನೆ!" ಎಂದು ಕಾಲಿನ ಚಪ್ಪಲಿ ಕಿತ್ತು ಬೀಸಿ ಎಸೆದರು. ಅದು ಹಾಲಸ್ವಾಮಿಯ ಭುಜಕ್ಕೆ ಬಡಿದು ಪಂಪಿನ ಪಕ್ಕದಲ್ಲೇ ಬಿತ್ತು. ಸಿದ್ದಲಿಂಗಮ್ಮ ಗಂಡನನ್ನು ಎಳೆದಳು: "ಓಡ್ರಿ, ಇನ್ನೊಂದನ್ನೂ ಎಸೀತಾರೆ!"

ಹಾಲಸ್ವಾಮಿ ಓಡಲಿಲ್ಲ. ಬಗ್ಗಿ ಚಪ್ಪಲಿಯನ್ನು ಎತ್ತಿಕೊಂಡ. ತಿರುಗಿಸಿ ನೋಡಿದ, ಬಗ್ಗಿಸಿ ನೋಡಿದ, ಹೆಬ್ಬೆರಳಿನಿಂದ ಒತ್ತಿ ನೋಡಿದ. ಶ್ರೀಮಂತರ ಚಪ್ಪಲಿ, ಅಟ್ಟೆ ದೊಡ್ಡಣ್ಣನದಕ್ಕಿಂತ ಎರಡರಷ್ಟು ದಪ್ಪ. ಏನಿಲ್ಲವೆಂದರೂ ಮೂರು ವಾಷರು ಆಗುತ್ತಿತ್ತು.

ಅದನ್ನು ಕಂಕುಳಲ್ಲಿ ಭದ್ರವಾಗಿ ಅವುಚಿಕೊಂಡು, ಇನ್ನೊಂದೂ ಬರಲಿ ಎಂದು ಅವನು ಅಲ್ಲೇ ಕಾಯುತ್ತ ನಿಂತ.