ಬೀದಿದೀಪ ಕಚೇರಿಯ ಕಾರು ಮತ್ತು ಬ್ಯಾಟರಿಯ ಸುರಕ್ಷತೆ

ಬೀದಿದೀಪ ಕಚೇರಿಯ ಕಾರು ಬೆಳಗಿನ ಹೊತ್ತು ಸ್ಟಾರ್ಟ್ ಆಗುವುದಿಲ್ಲ ಎಂಬುದನ್ನು ಕಚೇರಿ ಎಂದೂ ಒಪ್ಪಿಕೊಂಡಿಲ್ಲ. ಕೀಲಿ ತಿರುಗಿಸಿದಾಗ ಅದು 'ಟಿಕ್' ಎನ್ನುತ್ತಿತ್ತು. ಟಿಕ್ ಎನ್ನುವುದು ಉತ್ತರವೇ ಹೊರತು ನಿರಾಕರಣೆಯಲ್ಲ ಎಂದು ಕಡತದಲ್ಲಿ ಟಿಪ್ಪಣಿ ಬರೆದವನು ನಾನೇ. ನಾನೆಂದರೆ ಅಲ್ಲಿಯ ಹೆಡ್ ಗುಮಾಸ್ತ. ನನ್ನ ಟಿಪ್ಪಣಿಗಳನ್ನು ನಾನೇ ಹೊಗಳಿಕೊಳ್ಳಬಾರದು. ಬೇರೆ ಯಾರೂ ಹೊಗಳುವುದಿಲ್ಲವಾದ್ದರಿಂದ ಹೇಳುತ್ತೇನೆ. ಒಮ್ಮೆ ಒಂದು ದೀಪದ ಕಂಬದ ಬಗ್ಗೆ 'ಸದರಿ ಕಂಬ ಸ್ಥಳದಲ್ಲಿ ಇರುವುದಿಲ್ಲ' ಎಂದು ಬರೆದೆ. ಮರುದಿನದಿಂದ ನಾಯಿಗಳೂ ಅದರ ಬಳಿ ಕಾಲೆತ್ತುವುದನ್ನು ಬಿಟ್ಟವು.

ಕಾರಿನ ವಿಷಯಕ್ಕೆ ಬರೋಣ. ಹೊಸ ಸಾಹೇಬರು ಬಂದ ಕೂಡಲೇ ಒಂದು ಆದೇಶ ಹೊರಡಿಸಿದ್ದರು: "ಕಚೇರಿ ವಾಹನದ ಬೆಲೆಬಾಳುವ ಹಾಗೂ ಕಳಚಲು ಬರುವ ಭಾಗಗಳು ಸಂಜೆಯ ನಂತರ ಸಾಹೇಬರ ಖುದ್ದು ಸುಪರ್ದಿನಲ್ಲಿ ಇರತಕ್ಕದ್ದು." ಕಳಚಲು ಬಂದದ್ದು ಬ್ಯಾಟರಿಯೊಂದೇ. ಅದು ದಿನಾ ಸಂಜೆ ಸಾಹೇಬರ ಮನೆಗೆ ಹೋಗುತ್ತಿತ್ತು. ಅಲ್ಲಿ ಸುಮ್ಮನೆ ಕೂತು ಬೇಜಾರಾಗದಿರಲೆಂದು ಅದನ್ನು ಟಿ.ವಿ.ಗೂ ಒಂದು ಫ್ಯಾನಿಗೂ ಜೋಡಿಸುತ್ತಿದ್ದರು. ಬೆಳಿಗ್ಗೆ ಮರಳಿ ಬಂದು ಕಾರಿನೊಳಗೆ ಕೂರುತ್ತಿತ್ತು. ಆಮೇಲೆ ಟಿಕ್.

ಕಾರಿನ ಡ್ರೈವರ್ ನನ್ನ ತಂಗಿಯ ಗಂಡ. ನಾನು ಅವನಿಗೆ ಭಾವ, ಅವನು ನನಗೆ ಭಾವ. ಕಚೇರಿಯಲ್ಲಿ ಮಾತ್ರ ಒಬ್ಬರಿಗೊಬ್ಬರು ಪರಿಚಯವಿಲ್ಲ. ಒಂದು ದಿನ ಸಾಹೇಬರು ಅವನನ್ನು ಕರೆಸಿ ವಿಚಾರಣೆ ನಡೆಸಿದರು. ಟೈಪಿಸ್ಟ್ ಅಮ್ಮ ಬರೆದುಕೊಳ್ಳಲು ಕೂತರು, ನಾನು ಗಂಭೀರವಾಗಿರಲು ನಿಂತೆ.

"ನಿನ್ನೆ ಸಂಜೆ ಬ್ಯಾಟರಿ ಎಲ್ಲಿತ್ತಪ್ಪ?"

"ನಿಮ್ಮನೇಲಿ ಸಾರ್."

"ಅಂದ್ರೆ ಭದ್ರವಾಗಿತ್ತು. ಬರ್ಕೊಳ್ಳಮ್ಮ. ಕಾರು ಎಲ್ಲಿತ್ತು?"

"ಶೆಡ್ಡಲ್ಲಿ ಸಾರ್."

"ಯಾರ ಜೊತೆ?"

"ಯಾರ ಜೊತೇನೂ ಇಲ್ಲ ಸಾರ್. ಒಂದೇ ಇತ್ತು."

"ಹೂಂ," ಎಂದು ಸಾಹೇಬರು ನನ್ನ ಕಡೆ ತಿರುಗಿದರು. "ನೋಡಿದ್ರಾ? ತಪ್ಪು ನಡೆದಿರೋದು ಶೆಡ್ಡಲ್ಲಿ."

ಭಾವ ಕೈ ಮುಗಿದ. "ಸಾರ್, ತಪ್ಪು ತಿಳ್ಕೋಬೇಡಿ. ಬ್ಯಾಟರಿ ಖಾಲಿಯಾಗಿರುತ್ತೆ, ಅದಕ್ಕೇ..."

"ಅದನ್ನೇ ನಾನೂ ಕೇಳ್ತಿರೋದು!" ಸಾಹೇಬರು ಮೇಜು ಗುದ್ದಿದರು. "ಮೊನ್ನೆ ನಮ್ಮನೇಲಿ ಧಾರಾವಾಹೀಲಿ ಸೊಸೆ ಬಾಗಿಲು ತೆಗೀತಾಳೆ, ಹೊರಗೆ ಯಾರು ನಿಂತಿದಾರೆ ಅನ್ನೋಷ್ಟರಲ್ಲಿ ಬ್ಯಾಟರಿ ಸತ್ತೋಯ್ತು. ನನ್ನ ಹೆಂಡತಿ ಊಟ ಬಿಟ್ಟಿದಾಳೆ. ಹಗಲೆಲ್ಲಾ ಕಾರು ಓಡಿಸಿ ಬ್ಯಾಟರಿ ತುಂಬಿಸೋದು ಯಾರ ಕೆಲಸ?"

"ಸ್ಟಾರ್ಟ್ ಆದ್ರೆ ತಾನೇ ಸಾರ್ ಓಡ್ಸೋದು?"

ಇದನ್ನು ಉದ್ಧಟತನ ಎಂದು ದಾಖಲಿಸಲಾಯಿತು. ಸರ್ಕಾರಿ ಬ್ಯಾಟರಿಯನ್ನು ಅರ್ಧಂಬರ್ಧ ತುಂಬಿಸಿ ಮೇಲಧಿಕಾರಿಯ ಮನೆಗೆ ತಲುಪಿಸಿದ್ದಕ್ಕಾಗಿ ಡ್ರೈವರನನ್ನು ಏಕೆ ಕೆಲಸದಿಂದ ತೆಗೆಯಬಾರದು ಎಂದು ನೋಟಿಸು ಸಿದ್ಧವಾಯಿತು. ಅದರ ಒಕ್ಕಣೆ ನನ್ನದೇ. ಚೆನ್ನಾಗಿ ಬಂದಿತ್ತು. ಓದಿ ಭಾವನೇ "ನನ್ನನ್ನ ತೆಗೆಯೋದೇ ಸರಿ ಅನ್ಸುತ್ತೆ ಭಾವ" ಎಂದ.

ತಂಗಿಗೆ ಹಾಗನ್ನಿಸಲಿಲ್ಲ. ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ನಮ್ಮನೆ ಬಾಗಿಲಲ್ಲಿ ನಿಂತಿದ್ದಳು.

"ಅಣ್ಣಾ, ಇವರ ಕೆಲಸ ಹೋದ್ರೆ ನಾವು ಬೀದಿಗೆ ಬೀಳ್ತೀವಿ ಅಂತ ಹೆದರಬೇಡ."

"ಮತ್ತೆ?"

"ನಿನ್ನ ಮನೆಗೆ ಬೀಳ್ತೀವಿ. ಅತ್ತೆ, ಮಾವ, ಮಕ್ಕಳು, ಇವರು. ಅತ್ತಿಗೇ, ನಡುಮನೆ ಖಾಲಿ ಮಾಡ್ಸಿ."

ನನ್ನ ಹೆಂಡತಿ ಒಳಗೆ ಪಾತ್ರೆಯೊಂದನ್ನು ಇಡುವ ರೀತಿಯಲ್ಲಿ ಇಟ್ಟಳು. ನನಗೆ ಅರ್ಥವಾಯಿತು. ಸ್ವಾರ್ಥ ಲವಲೇಶವೂ ಇಲ್ಲದೆ, ಕೇವಲ ನ್ಯಾಯಕ್ಕಾಗಿ, ನಾನು ಪೆನ್ನು ಕೈಗೆತ್ತಿಕೊಂಡೆ.

ಮರುದಿನ ಸಾಹೇಬರ ಮುಂದಿಟ್ಟ ನನ್ನ ಟಿಪ್ಪಣಿ ಹೀಗಿತ್ತು: "ಸದರಿ ಬ್ಯಾಟರಿಯು ಸಾಹೇಬರ ಸುಪರ್ದಿನ ವಸ್ತುವಾಗಿದ್ದು, ಕಾರು ಸ್ಟಾರ್ಟ್ ಮಾಡುವಂತಹ ಖಾಸಗಿ ಉದ್ದೇಶಕ್ಕೆ ಅದನ್ನು ಬಳಸುವುದು ದುರ್ಬಳಕೆಯಾಗುತ್ತದೆ. ಕೀಲಿಗೆ ಟಿಕ್ ಎಂದಷ್ಟೇ ಹೇಳಿ ಸುಮ್ಮನಾಗುತ್ತಿರುವ ಕಾರು ಈ ದುರ್ಬಳಕೆಯನ್ನು ತಡೆಯುತ್ತಾ ಬಂದಿದೆ. ಇನ್ನು ಮುಂದೆ ಕಾರನ್ನು ತಳ್ಳಿಯೇ ಸ್ಟಾರ್ಟ್ ಮಾಡತಕ್ಕದ್ದು. ಹಾಗೆ ಸ್ಟಾರ್ಟ್ ಆದ ಕಾರು ಸಂಜೆಯವರೆಗೆ ನಿಲ್ಲದೆ ಓಡಿದರೆ ಬ್ಯಾಟರಿ ಪೂರ್ತಿ ತುಂಬುತ್ತದೆ. ಡ್ರೈವರ್ ಇಲ್ಲದೆ ಇದು ಸಾಧ್ಯವಿಲ್ಲ."

ಸಾಹೇಬರು ಕೊನೆಯ ಎರಡು ಸಾಲುಗಳನ್ನು ಮತ್ತೆ ಓದಿದರು.

"ಪೂರ್ತಿ ತುಂಬುತ್ತಾ?"

"ಧಾರಾವಾಹಿ ಮುಗಿದು, ವಾರ್ತೆ ಮುಗಿದು, ಹವಾಮಾನಾನೂ ನೋಡ್ಬಹುದು ಸಾರ್."

ನೋಟಿಸು ಹರಿದುಹೋಯಿತು. ಅದರ ಒಕ್ಕಣೆಗಾಗಿ ಮಾತ್ರ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ತಳ್ಳುವವರು ಯಾರು ಎಂಬ ಸಣ್ಣ ಪ್ರಶ್ನೆ ಉಳಿದಿತ್ತು. ಗುಮಾಸ್ತರಿಗೆಲ್ಲ ಒಟ್ಟಿಗೇ ಸೊಂಟನೋವು ಬಂತು. ನನಗೆ ಎಲ್ಲರಿಗಿಂತ ಮೊದಲು ಬಂತು, ಸೇವಾ ಹಿರಿತನದ ಪ್ರಕಾರ. ಆದರೆ ಬೀದಿಯ ದೀಪ ಕೆಟ್ಟಿದೆ ಎಂದು ಅರ್ಜಿ ಹಿಡಿದು ಬಂದವರು ವರಾಂಡದಲ್ಲಿ ಸುಮ್ಮನೆ ನಿಂತೇ ಇದ್ದರಲ್ಲ. ಬಾಗಿಲಿಗೆ ಫಲಕ ಹಾಕಿದೆವು: "ಅರ್ಜಿಗಳನ್ನು ಚಲಿಸುವ ಕಾರಿನ ಕಿಟಕಿಯ ಮೂಲಕ ಮಾತ್ರ ಸ್ವೀಕರಿಸಲಾಗುವುದು."

ಮೊದಲ ದಿನ ಒಬ್ಬ ನಿವೃತ್ತ ಮೇಷ್ಟ್ರು ತಳ್ಳುತ್ತಾ ಏದುಸಿರಿನಲ್ಲಿ ಕೇಳಿದರು, "ಸ್ವಾಮೀ, ನಮ್ಮ ಬೀದಿ ದೀಪ ಯಾವಾಗ ಹತ್ತುತ್ತೆ?"

ಹಿಂದಿನ ಸೀಟಿನಿಂದ ಸಾಹೇಬರು ಕತ್ತು ಹೊರಹಾಕಿದರು. "ಕಾರು ಸ್ಟಾರ್ಟ್ ಆಗ್ಲಿ, ಹೇಳ್ತೀನಿ."

ಕಾರು ಸ್ಟಾರ್ಟ್ ಆಯಿತು. ಹೊರಟುಹೋಯಿತು. ಮೇಷ್ಟ್ರು ಮರುದಿನ ಚಪ್ಪಲಿ ಬಿಟ್ಟು ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದರು.

ಈಗ ಎಲ್ಲಾ ಸುಸೂತ್ರವಾಗಿದೆ. ಹಗಲೆಲ್ಲಾ ಕಾರು ಊರು ಸುತ್ತಿ ದೀಪಗಳ ತಪಾಸಣೆ ಮಾಡುತ್ತದೆ. ಹಗಲಲ್ಲಿ ಉರಿಯಬಾರದಾದ್ದರಿಂದ ಎಲ್ಲಾ ದೀಪಗಳೂ ಸರಿಯಾಗಿವೆ ಎಂದು ವರದಿ ಹೋಗುತ್ತದೆ. ಸಾಹೇಬರ ಮನೆಯವರಿಗೆ ಬಾಗಿಲ ಹೊರಗೆ ಯಾರು ನಿಂತಿದ್ದರೆಂದು ಗೊತ್ತಾಗಿದೆ. ನನ್ನ ನಡುಮನೆ ನನಗೇ ಉಳಿದಿದೆ. ದೀಪದ ಬಗ್ಗೆ ದೂರುಗಳು ಪೂರ್ತಿ ನಿಂತಿವೆ. ಜನರ ದೂರು ಈಗ ಒಂದೇ: ಕೆಲವರು ಕಾರಿಗೆ ಕೈ ಇಟ್ಟಂತೆ ಮಾಡುತ್ತಾರೆ, ತಳ್ಳುವುದಿಲ್ಲ.

ಇದನ್ನು ಕಚೇರಿ ಬಹಳ ಗಂಭೀರವಾಗಿ ತೆಗೆದುಕೊಂಡಿದೆ. ನನ್ನ ಭಾವನಿಗೆ ಬಡ್ತಿ ಕೊಟ್ಟು, ಕಾರಿನ ಕನ್ನಡಿಯಲ್ಲಿ ನೋಡಿ ಅಂಥವರನ್ನು ಗುರುತಿಸುವ ಹೊಣೆಯನ್ನು ಅವನಿಗೇ ವಹಿಸಲಾಗಿದೆ. ಮೇಷ್ಟ್ರು ಅವನಿಗೆ ಬೇಕಾದ ಸಾಕ್ಷ್ಯವನ್ನು ಸ್ವಇಚ್ಛೆಯಿಂದ ಒದಗಿಸುತ್ತಿದ್ದಾರೆ.