ಟೈಲರನ ಖಾಲಿ ಹೊಟ್ಟೆ

ಕೈಜಾರಿ ಬಿದ್ದ ಒಂದು ಶರ್ಟಿನ ಗುಂಡಿಯನ್ನು ಎತ್ತಿಕೊಳ್ಳಲು ಬಗ್ಗಿದ್ದೇ ಟೈಲರ್ ಮಾಡಿದ ತಪ್ಪು. ಸೊಂಟದ ಮೂಳೆಗಳ ನಡುವಿನ ಡಿಸ್ಕು ಬಿರಿದು, ಒಳಗಿನ ತಿರುಳು ಹೊರಗೆ ಜಾರಿ, ಕರೆಯದೆ ಬಂದ ನೆಂಟನಂತೆ ಎಡಗಾಲಿನ ನರದ ಮೇಲೆ ಕೂತುಬಿಟ್ಟಿತು. ಅಂದಿನಿಂದ ಅವನು ಮಾತ್ರ ಕೂರಲಾರದಾದ. ಕೂತರೆ ಸೊಂಟದಿಂದ ಹೆಬ್ಬೆರಳಿನವರೆಗೆ ಯಾರೋ ಕಾಯಿಸಿದ ದಬ್ಬಣದಲ್ಲಿ ಹೊಲಿಗೆ ಹಾಕಿದಂತಾಗುತ್ತಿತ್ತು. ಹೊಲಿಗೆ ಯಂತ್ರ ಧೂಳು ಹಿಡಿಯಿತು.

ಮಾತ್ರೆ, ಮಾಲೀಸು, ವ್ಯಾಯಾಮ ಎಲ್ಲ ಸೋತ ಮೇಲೆ ದೊಡ್ಡಾಸ್ಪತ್ರೆಯ ಸರ್ಜನ್ ಆಪರೇಷನ್ನಿಗೆ ದಿನ ಗೊತ್ತುಮಾಡಿದರು. ಷರತ್ತು ಒಂದೇ. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ನುಗ್ಗಿದರೆ ಪ್ರಾಣಕ್ಕೇ ಸಂಚಕಾರ; ಹಿಂದಿನ ರಾತ್ರಿಯಿಂದ ಏನೂ ತಿನ್ನುವಂತಿಲ್ಲ, ಕುಡಿಯುವಂತಿಲ್ಲ.

ಆ ದಿನ ಬೆಳಗಾಗುತ್ತಲೇ ಪಕ್ಕದ ಮನೆಯ ಟೀಚರಮ್ಮ ಕಾಫಿ ಹಿಡಿದು ಬಂದರು. "ಒಂದೇ ಗುಟುಕು ಕುಡೀರಿ. ಡಾಕ್ಟ್ರೇನು ಹೊಟ್ಟೆಯೊಳಗೆ ಇಣುಕಿ ನೋಡ್ತಾರಾ?"

"ಬೇಡಮ್ಮಾ, ಕೈ ಮುಗೀತೀನಿ."

ಮೇಲಿನ ಮನೆಯ ಹವಾಲ್ದಾರರು ಬಾಳೆಹಣ್ಣು ಚಾಚಿದರು. "ನಮ್ಮ ಭಾವ ಆಪರೇಷನ್ನಿಗೆ ಗಡದ್ದಾಗಿ ಊಟ ಮಾಡ್ಕೊಂಡೇ ಹೋಗಿದ್ದ ಕಣಯ್ಯಾ."

"ಆಮೇಲೇನಾಯ್ತು?"

"ಆಗೋದೇನು, ಹೋಗ್ಬಿಟ್ಟ. ಆದ್ರೆ ಹಸ್ಕೊಂಡು ಹೋಗ್ಲಿಲ್ಲ ನೋಡು!"

ಹೆಂಡತಿಗೆ ಫ್ಯಾಕ್ಟರಿಯಲ್ಲಿ ರಜೆ ಸಿಗದ ಕಾರಣ ಜೊತೆಗೆ ಹೊರಟವರು ಅತ್ತೆ. ಟೈಲರ್ ಸಾಮಾನು ಗಾಡಿಯಲ್ಲಿ ಬೋರಲು ಮಲಗಿದ. ರಸ್ತೆಯ ಹಳ್ಳಗಳಿಗೆಲ್ಲ 'ಅಪ್ಪಾ', 'ಅಮ್ಮಾ' ಎಂದು ಸರದಿಯಲ್ಲಿ ಕೂಗಿದ. ನಾಲಿಗೆ ಒಣಗಿ ಚಾಕ್‌ಪೀಸಿನಂತಾದರೂ ಒಂದು ಹನಿ ನೀರು ಮುಟ್ಟಲಿಲ್ಲ.

ಥಿಯೇಟರಿನ ಬಾಗಿಲಲ್ಲಿ ಅರಿವಳಿಕೆ ಡಾಕ್ಟರು ಕೇಳಿದರು: "ಬೆಳಗ್ಗೆ ಏನಾದ್ರೂ ತಗೊಂಡ್ರಾ?"

"ಉಗುಳು ಕೂಡ ನುಂಗಿಲ್ಲ ಡಾಕ್ಟ್ರೇ."

ಬೆಂಚಿನ ಮೇಲಿದ್ದ ಹೆಂಗಸರೆಲ್ಲ "ಪಾಪ" ಎಂದು ಅತ್ತೆಯತ್ತ ತಿರುಗಿದರು. ಅತ್ತೆಗೆ ಮೈಯೆಲ್ಲ ಉರಿದುಹೋಯಿತು.

"ಅಳಿಯನ್ನ ಉಪವಾಸ ಕೆಡವೋ ಮನೆಯಲ್ಲ ಡಾಕ್ಟ್ರೇ ನಮ್ದು! ಎರಡು ಲೋಟ ಹಾಲು ಕುಡಿಸೇ ಕರ್ಕೊಂಡು ಬಂದಿದೀನಿ."

"ಸುಳ್ಳು! ಶುದ್ಧ ಸುಳ್ಳು!" ಟೈಲರ್ ಸ್ಟ್ರೆಚರಿನಲ್ಲೇ ಕಿರುಚಿದ.

"ರೋಗಿಗಳೆಲ್ಲ ಹೀಗೇ ಹೇಳೋದು," ಎಂದು ಡಾಕ್ಟರು ಮಾಸ್ಕ್ ಕಳಚಿದರು. "ನಿಮ್ಮ ಪುಣ್ಯ, ಆ ತಾಯಿ ನಿಜ ಹೇಳಿದ್ರು. ಇವತ್ತು ಆಪರೇಷನ್ ಆಗಲ್ಲ, ಮುಂದಿನ ಸರದಿ ಸಿಗೋದು ಮೂರು ತಿಂಗಳಿಗೆ; ಆಗ ಬನ್ನಿ."

ಅದೇ ಗಾಡಿ, ಅದೇ ಹಳ್ಳಗಳು. ಇನ್ನೂ ಮೂರು ತಿಂಗಳು ಯಂತ್ರದ ಮುಂದೆ ಕೂರುವಂತಿಲ್ಲ ಎಂದುಕೊಂಡಾಗ ಟೈಲರನಿಗೆ ಅಳು ಬಂತು. ಅತ್ತರೆ ಸೊಂಟ ಅಲುಗುತ್ತದೆಂದು ಅದನ್ನೂ ತಡೆದುಕೊಂಡ.

"ಯಾವಾಗ ಕೊಟ್ರಿ ಅತ್ತೆ, ಹಾಲು?"

"ಮಾತಿಗೆ ಹಾಗಂದೆ ಅಳಿಯಂದ್ರೇ. ನಾಲ್ಕು ಜನರ ಮುಂದೆ ಮರ್ಯಾದೆ ಬೇಡ್ವಾ?"

ಅವನು ಕಣ್ಣು ಮುಚ್ಚಿದ. "ಹೋಗ್ಲಿ. ಮನೆಗೆ ಹೋದ ತಕ್ಷಣ ಒಂದು ತುತ್ತು ಊಟ ಹಾಕಿ."

"ಊಟಾನಾ?" ಅತ್ತೆ ಬೆಚ್ಚಿದರು. "ಹೇಗಿದ್ರೂ ನೀವು ಆಸ್ಪತ್ರೇಲಿರ್ತೀರಲ್ಲ ಅಂತ ಇವತ್ತು ಒಲೇನೇ ಹಚ್ಚಿಲ್ಲವಲ್ಲಾ!"