ಚಂದ್ರಿಗೆ ಹಾಕಿದ ಪುಡಿ

ಚಂದ್ರಿ ಎಂಬ ಆಕಳು ಬೆದೆಗೆ ಬರುತ್ತಿಲ್ಲವೆಂಬ ಸುದ್ದಿ ಹೈದರಾಬಾದ್ ಪಕ್ಕದ ಶಂಶಾಬಾದಿನ ಆ ಗಲ್ಲಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರು ಒಬ್ಬರೇ, ಆಕಳನ್ನು ಪ್ರೀತಿಯಿಂದ ಕಳಿಸಿಕೊಟ್ಟಿದ್ದ ಅತ್ತೆ ಬಸಲಿಂಗಮ್ಮ. ಅವರು ರಾಯಚೂರಿನಲ್ಲಿ ಬಸ್ಸು ಹತ್ತಿದವರೇ ಅಳಿಯ ಪ್ರಾಣೇಶನಿಗೆ ಫೋನ್ ಮಾಡಿದರು.

"ಸಂಜಿಗೆ ಬರ್ತೀನ್ರಿ. ಚಂದ್ರಿ ಗಬ್ಬ ಆಗೇತಲ್ಲ?"

"ಹೂನ್ರಿ ಅತ್ತಿಯವರ," ಎಂದುಬಿಟ್ಟ ಪ್ರಾಣೇಶ. ಅವನ ಬಾಯಿ ಯಾವಾಗಲೂ ತಲೆಗಿಂತ ಮುಂಚೆ ಹೊರಡುತ್ತಿತ್ತು.

ಎದುರುಮನೆಯ ಬಂಡೆಪ್ಪನಿಗೆ ಹಿಂಡಿ-ಹೊಟ್ಟಿನ ಅಂಗಡಿಯಿತ್ತು. ಅತ್ತೆ ಬರುವ ಸುದ್ದಿ ಕೇಳಿದ್ದೇ ಒಂದು ಚೀಲ ಹೊತ್ತು ಬಂದ. "ತಾಮ್ರ, ಜಿಂಕ್ ಕಡಿಮಿ ಆದ್ರ ದನದ ಹಾರ್ಮೋನ್ ಮಲಗಿಬಿಡ್ತಾವ್ರಿ. ಈ ಪುಡಿ ಹಾಕ್ರಿ, ಎದ್ದು ಕುಣೀತಾವು!"

ಪಕ್ಕದ ಮನೆಯ ಮೈಸೂರಿನ ರವಿಶಂಕರ್ ಫೋನಿನಲ್ಲಿ ಓದುತ್ತಲೇ ಬಂದ. "ಸೆಲೆನಿಯಂ ಇಲ್ದಿದ್ರೆ ಏನೂ ಆಗಲ್ಲ ಸಾರ್. ನಾನು ಜಿಮ್‌ಗೆ ತಗೊಳೋ ಕ್ಯಾಪ್ಸೂಲ್ ಇದೆ, ಹಾಕಿಬಿಡಿ."

ಇಬ್ಬರೂ ಪೈಪೋಟಿಯಲ್ಲಿ ಬಕೆಟ್ಟಿಗೆ ಸುರಿದರು. ಚಂದ್ರಿ ಮೂಸಿ ಒಂದು ಸೀನು ಸೀನಿತು. ಪುಡಿಯೆಲ್ಲ ಮುಖಕ್ಕೇ ಹಾರಿ, ನಾಂಪಲ್ಲಿಯ ಎಕ್ಸಿಬಿಷನ್ನಿಗೆ ಹೊರಟ ಹೊಸ ಮದುಮಗಳ ಹಾಗೆ ಬೆಳ್ಳಗಾಯಿತು. ಮರುಕ್ಷಣ ಗೂಟ ಕಿತ್ತುಕೊಂಡು ಹೈವೇ ಕಡೆಗೆ ಓಟ ಕಿತ್ತಿತು.

ಪ್ರಾಣೇಶ ಒಂದೇ ಚಪ್ಪಲಿಯಲ್ಲಿ ಹಿಂದೆ ಓಡಿದ. ಲಾರಿಗಳು ಹಾರ್ನ್ ಹೊಡೆದವು, ಆಟೋದವರು ಉರ್ದುವಿನಲ್ಲಿ ಹರಸಿದರು. ಕೊನೆಗೆ ಸರ್ವಿಸ್ ರೋಡಿನ ಪಕ್ಕ ದನಗಳ ಹಿಂಡಿನಲ್ಲಿ ಚಂದ್ರಿಯದೇ ಕಂದು ಮೈಯ ಆಕಳೊಂದು ಶಾಂತವಾಗಿ ಮೆಲುಕು ಹಾಕುತ್ತ ನಿಂತಿತ್ತು. ಕೊರಳಿಗೆ ಹಗ್ಗ ಬಿಗಿದು ಎಳೆದು ತಂದ.

"ನೋಡ್ರಿ, ಎಷ್ಟು ಸಮಾಧಾನ ಆಗೇತಿ! ಪುಡಿ ಹತ್ತಿತು," ಎಂದ ಬಂಡೆಪ್ಪ.

ಪ್ರಾಣೇಶ ಕರೆಸಿದ ದನದ ಡಾಕ್ಟರ್ ರಾಮಕೃಷ್ಣ ಮಧ್ಯಾಹ್ನ ಬಂದು ಭುಜದವರೆಗೆ ಕೈಗವಸು ಏರಿಸಿ ಪರೀಕ್ಷಿಸಿದರು. ಹುಬ್ಬೇರಿತು. "ಇದು ನಾಲ್ಕು ತಿಂಗಳ ಗಬ್ಬ ಐತಲ್ರೀ! ಬೆದಿಗೆ ಹೆಂಗ ಬರ್ತೈತಿ?"

"ಮುಂಜಾನಿ ಹಾಕಿದ್ದು, ಮಧ್ಯಾಹ್ನಕ್ಕ ನಾಕು ತಿಂಗಳು!" ಎಂದು ಬಂಡೆಪ್ಪ ಕುಣಿದ.

"ಅದ್ರಲ್ಲಿ ಎರಡು ತಿಂಗಳು ನನ್ನ ಕ್ಯಾಪ್ಸೂಲಿಂದು," ಎಂದ ರವಿಶಂಕರ್.

"ಪುಡಿ ಮೈಯಾಗಿನ ಕೊರತಿ ತುಂಬ್ತೈತಿ, ತಿಂಗಳು ತುಂಬೂದಿಲ್ರೀ," ಎಂದ ಡಾಕ್ಟರ ಮಾತು ಯಾರಿಗೂ ಕೇಳಿಸಲಿಲ್ಲ. ಪ್ರಾಣೇಶ ಗಲ್ಲಿಗೆಲ್ಲ ಪೇಡೆ ಹಂಚಿದ, ಡಾಕ್ಟರನ್ನು ಬಿಡದೆ ಚಹಾಕ್ಕೆ ಕೂರಿಸಿಕೊಂಡ. ಮಾತಿನಲ್ಲಿ ಸಂಜೆಯಾಯಿತು.

ಬಸಲಿಂಗಮ್ಮ ಬಂದವರು ನೀರನ್ನೂ ಕುಡಿಯದೆ ಹಿತ್ತಲಿಗೆ ನಡೆದರು. ಆಕಳನ್ನು ಒಮ್ಮೆ ನೋಡಿ, ಅಳಿಯನನ್ನು ಎರಡು ಸಲ ನೋಡಿದರು.

"ಇದು ಯಾರ ಆಕಳ್ರಿ?"

"ನಿಮ್ಮ ಚಂದ್ರಿ ಅಲ್ಲೇನ್ರಿ..."

"ನಾ ಕೈಯಾರೆ ಹಾಲು ಕುಡಿಸಿ ಬೆಳಸಿದ ಕರ ನನಗ ಗೊತ್ತಾಗಂಗಿಲ್ಲೇನು?"

ಅಷ್ಟರಲ್ಲಿ ಹುಲಗೇಶನೆಂಬ ದನಗಾರ ಕೋಲು ಬೀಸುತ್ತ ಬಂದ. ಅವನ ಹಿಂದೆ, ಮುಖದ ಪೌಡರು ಇನ್ನೂ ಅಳಿಯದ ಚಂದ್ರಿ! "ನಮ್ಮ ಗಬ್ಬದ ಆಕಳ ಬಿಡ್ರಿ. ನಿಮ್ಮದನ್ನ ತಗೋರಿ, ಮುಂಜಾನಿಂದ ನಮ್ಮ ದನಗಳ ಮ್ಯಾಲೆಲ್ಲ ಸೀನಾಕತ್ತೇತಿ!"

ಡಾಕ್ಟರು ಚಹಾ ಕೆಳಗಿಟ್ಟು ಮತ್ತೆ ಕೈಗವಸು ಹಾಕಿದರು. "ಇದು ಪೂರಾ ಖಾಲಿ," ಎಂದರು.

ಬಂಡೆಪ್ಪನಿಗೆ ಅಂಗಡಿ ನೆನಪಾಯಿತು, ರವಿಶಂಕರನಿಗೆ ಮೀಟಿಂಗು. ಪ್ರಾಣೇಶ ಗೋಡೆಗೆ ಅಂಟಿ ನಿಂತ.

ಬಸಲಿಂಗಮ್ಮ ಬೈಯಲಿಲ್ಲ. ಮಗಳನ್ನು ಕರೆದರು. "ಹರ್ಷದಾ, ಆ ಒಳಗಿನ ಖೋಲಿ ನನಗ ತೆರವು ಮಾಡವ್ವ. ಚಂದ್ರಿ ಗಬ್ಬ ಆಗೋತನಕ ನಾ ಇಲ್ಲೇ ಇರ್ತೀನಿ."

ಪ್ರಾಣೇಶ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. "ಹೂನ್ರಿ ಅತ್ತಿಯವರ... ಆಮ್ಯಾಲೆ?"

"ಆಮ್ಯಾಲೆ ಬಾಣಂತನ ಯಾರು ಮಾಡ್ತಾರ್ರಿ, ನೀವಾ?"